ಸಂಜೆ ನಾಲ್ಕರ ಕಿಟಕಿ

ಮನೆಯ ನಾಲ್ಕು ಗೋಡೆಗೂ ಒಂದೇ ನಮೂನೆಯ ಕಿಟಕಿ ಬಾಗಿಲು ಹಾಕಿಸುವುದು ಈಗಿನ ರೂಢಿ. ಆದರೆ ಬಿಸಿಲು, ಮಳೆ, ಗಾಳಿ ನಾಲ್ಕು ಗೋಡೆಗೂ ಒಂದೇ ಸಮನಾಗಿ ಬರುವುದಿಲ್ಲ.

ಗೃಹಪ್ರವೇಶಕ್ಕೆ ಬಂದವರು ನೆಲದ ಗ್ರಾನೈಟ್ ನೋಡುತ್ತಾರೆ, ಅಡುಗೆಮನೆಯ ಕಪಾಟು ತೆಗೆದು ನೋಡುತ್ತಾರೆ, ತಲೆಬಾಗಿಲಿನ ಕೆತ್ತನೆಯ ಮೇಲೆ ಕೈಯಾಡಿಸುತ್ತಾರೆ. ಕಿಟಕಿಯ ಹತ್ತಿರ ಹೋಗುವವರು ಕಡಿಮೆ. ಹೋದರೂ ‘ಗಾಳಿ ಬೆಳಕು ಚೆನ್ನಾಗಿದೆ’ ಎಂದು ಹೇಳಿ ಊಟದ ಪಂಕ್ತಿಗೆ ಹೊರಡುತ್ತಾರೆ. ಕಿಟಕಿಗೆ ನಿಜವಾದ ಪರೀಕ್ಷೆ ಎದುರಾಗುವುದು ಆಮೇಲೆ. ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆಗೆ ಒಂದು ಪರೀಕ್ಷೆ, ಮುಂಗಾರಿನ ಮೊದಲ ಬಿರುಮಳೆಗೆ ಇನ್ನೊಂದು.

ನಮ್ಮ ಮನೆಯ ಕಿಟಕಿಗಳು ಎರಡರಲ್ಲೂ ಸೋತವು. ಬೆಂಗಳೂರಿನಲ್ಲಿ ಮನೆ ಕಟ್ಟಿಸುವಾಗ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಮಾದರಿಗಳಲ್ಲಿ ಒಂದು ನಮಗೆ ಇಷ್ಟವಾಯಿತು. ಒಂದು ಬೆರಳಿನಿಂದ ತಳ್ಳಿದರೆ ಸರ್ರನೆ ಜಾರುವ ಬಿಳಿಯ ಕಿಟಕಿ. ಮನೆಯ ಹನ್ನೊಂದು ಕಿಟಕಿಗೂ ಅದನ್ನೇ ಹಾಕಿ ಎಂದೆವು. ಪಶ್ಚಿಮದ ಕೋಣೆಯಲ್ಲಿ ಮೊದಲ ಬೇಸಿಗೆಗೇ ಮಂಚದ ಕಟ್ಟಿಗೆ ಮುಟ್ಟಿದರೆ ಬಿಸಿ ತಾಗುತ್ತಿತ್ತು. ಮಳೆಗಾಲದಲ್ಲಿ ಕಿಟಕಿಯ ಹಳಿಯಲ್ಲಿ ನೀರು ನಿಂತು, ತುಂಬಿ, ಒಳಗಿನ ಗೋಡೆಯ ಮೇಲೆ ಇಳಿದು ಹಾಸಿಗೆಯನ್ನು ನೆನೆಸಿತು. ರಿಪೇರಿಗೆಂದು ಬಂದ ವಯಸ್ಸಾದ ಆಚಾರ್ರು ಕೋಣೆಯ ನಡುವೆ ನಿಂತು ಒಂದೇ ಪ್ರಶ್ನೆ ಕೇಳಿದರು: “ಸಾರ್, ಕಿಟ್ಕಿ ಆರ್ಡರ್ ಕೊಡೋ ಮುಂಚೆ ಸಾಯಂಕಾಲ ನಾಲ್ಕು ಗಂಟೆಗೆ ಈ ರೂಮಲ್ಲಿ ಒಂದ್ಸಲನಾದ್ರೂ ನಿಂತಿದ್ರಾ?”

ನಿಂತಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ಮನೆ ಕಟ್ಟುವವರಿಗೆ, ಹಳೆಯ ಕಿಟಕಿ ಬದಲಿಸುವವರಿಗೆ ನಾನು ಹೇಳಬೇಕೆಂದಿರುವ ಮಾತೂ ಅದೇ. ಕಿಟಕಿ ಬಾಗಿಲನ್ನು ಅಂಗಡಿಯಲ್ಲಿ ಅಲ್ಲ, ಅದು ಕೂರುವ ಗೋಡೆಯ ಮುಂದೆ ನಿಂತು ಆರಿಸಬೇಕು.

ಯಾವ ಗೋಡೆಗೆ ಎಷ್ಟು ಬಿಸಿಲು

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ; ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ತೀರಾ ತಗ್ಗಿದಾಗಲೂ ಮಧ್ಯಾಹ್ನ ಅವನು ದಿಗಂತದಿಂದ 53 ಡಿಗ್ರಿಗಿಂತ ಮೇಲೆಯೇ ಇರುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಯ ನೆತ್ತಿಗೇ 2 ಅಡಿಯ ಸಜ್ಜ ಇದ್ದರೆ ಆ ತಿಂಗಳಲ್ಲೂ ಕಿಟಕಿಯ ಮೇಲಿನ ಎರಡೂವರೆ ಅಡಿಗೆ ನೆರಳು ಸಿಗುತ್ತದೆ. ಬೇಸಿಗೆಯಲ್ಲಂತೂ ಸೂರ್ಯ ನೆತ್ತಿಯ ಹತ್ತಿರವೇ ಇರುವುದರಿಂದ ದಕ್ಷಿಣದ ಗೋಡೆಗೆ ಮಧ್ಯಾಹ್ನದ ಬಿಸಿಲು ತೀರಾ ಕಡಿಮೆ. ಅಲ್ಲಿ ಸಜ್ಜ ಒಂದೇ ಸಾಕು.

ಪಶ್ಚಿಮದ ಲೆಕ್ಕ ಬೇರೆ. ಮಾರ್ಚ್ ಕೊನೆಯ ಒಂದು ಸಂಜೆ ತೆಗೆದುಕೊಳ್ಳಿ. ನಾಲ್ಕು ಗಂಟೆಗೆ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿರುತ್ತಾನೆ. ಅದೇ 2 ಅಡಿಯ ಸಜ್ಜ ಈಗ ಕಿಟಕಿಯ ಒಂದೂವರೆ ಅಡಿಯನ್ನೂ ಮರೆ ಮಾಡುವುದಿಲ್ಲ. ಐದು ಗಂಟೆಗೆ ನೆರಳು ಒಂಬತ್ತು ಇಂಚಿಗೆ ಇಳಿಯುತ್ತದೆ. ಮಿಕ್ಕ ಮೂರು ಅಡಿಗೂ ಮೀರಿದ ಗಾಜಿನಿಂದ ಬಿಸಿಲು ನೇರ ಮಂಚದ ಮೇಲೆ ಬೀಳುತ್ತದೆ. ಸಜ್ಜವನ್ನು ಇನ್ನೊಂದು ಅಡಿ ಮುಂದೆ ಚಾಚಿದರೂ ಉಪಯೋಗ ಅಷ್ಟಕ್ಕಷ್ಟೇ. ಎದುರಿನಿಂದ ಬರುವ ಬಿಸಿಲನ್ನು ಎದುರಿಗೆ ನಿಲ್ಲುವ ವಸ್ತುವೇ ತಡೆಯಬೇಕು, ಅಂದರೆ ಕಿಟಕಿಯ ಬಾಗಿಲು. ಪೂರ್ವದ ಗೋಡೆಗೂ ಬೆಳಗಿನ ಹೊತ್ತು ಇದೇ ಕಥೆ. ಆದರೆ ರಾತ್ರಿಯಿಡೀ ತಣಿದ ಗೋಡೆಗೆ ಎಳೆಬಿಸಿಲು ತಗಲುವುದಕ್ಕೂ ಹಗಲೆಲ್ಲ ಕಾದ ಗೋಡೆಗೆ ಇಳಿಬಿಸಿಲು ತಗಲುವುದಕ್ಕೂ ವ್ಯತ್ಯಾಸವಿದೆ.

ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಒಳಗೆ ದಪ್ಪ ಪರದೆ ಎಳೆದು ಬಿಸಿಲು ನಿಂತಿತು ಎಂದುಕೊಳ್ಳುವುದು. ಗಾಜು ಬಿಸಿಲನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಆ ಬಿಸಿಲಿಗೆ ಕಾದ ನೆಲ, ಹಾಸಿಗೆ, ಪರದೆ ಹೊರಸೂಸುವ ಶಾಖ ಬೇರೆ ಬಗೆಯದು, ಅದನ್ನು ಗಾಜು ಹಾಗೆ ಹೊರಗೆ ಬಿಟ್ಟುಕೊಡುವುದಿಲ್ಲ. ಪರದೆ ಬೆಳಕನ್ನು ತಡೆಯುತ್ತದೆ ನಿಜ, ಆದರೆ ಅದು ಕಾಯುವ ಹೊತ್ತಿಗೆ ಶಾಖ ಮನೆಯೊಳಗೆ ಬಂದಾಗಿರುತ್ತದೆ. ಗಾಜಿನ ಹೊರಗಿರುವ ಮರದ ಬಾಗಿಲೋ ಬಿದಿರಿನ ತಟ್ಟಿಯೋ ಕಾದರೆ ಆ ಕಾವು ಹೊರಗಿನ ಗಾಳಿಗೆ ಹೋಗುತ್ತದೆ. ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯಬೇಕು ಎನ್ನುವುದು ಇದಕ್ಕೇ.

ಹಳೆಯ ಮನೆಗಳ ನಾಲ್ಕು ಬಾಗಿಲು

ಬೆಂಗಳೂರಿನಲ್ಲಿ 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಉಳಿದಿರುವ ಹಳೆಯ ಮನೆಗಳ ಮುಂದೆ ಒಮ್ಮೆ ನಿಂತು ನೋಡಿ. ಕಿಟಕಿಗೆ ಎರಡಲ್ಲ, ನಾಲ್ಕು ಬಾಗಿಲು. ಕೆಳಗೊಂದು ಜೋಡಿ, ಮೇಲೊಂದು ಜೋಡಿ, ನಡುವೆ ಅಡ್ಡಪಟ್ಟಿ, ಒಳಗೆ ನೆಟ್ಟಗಿನ ಕಬ್ಬಿಣದ ಸರಳು. ಕೆಳಗಿನ ಜೋಡಿ ಮುಚ್ಚಿದರೆ ಬೀದಿಯಲ್ಲಿ ಹೋಗುವವರಿಗೆ ಒಳಗಿನವರು ಕಾಣುವುದಿಲ್ಲ. ಮೇಲಿನ ಜೋಡಿ ತೆರೆದಿದ್ದರೆ ಬೆಳಕು ಬರುತ್ತದೆ, ಹಗುರವಾಗಿ ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತದೆ. ರಾತ್ರಿ ಮಲಗುವಾಗ ಕೆಳಗೆ ಮುಚ್ಚಿ ಮೇಲೆ ತೆರೆದಿಡಬಹುದು. ಒಂದೇ ಕಿಟಕಿಗೆ ಇಷ್ಟು ಬಗೆಯ ಉಪಯೋಗ. ಕೆಲವು ಬಂಗಲೆಗಳ ಕಿಟಕಿಯ ಮೇಲೆ ಚೂಪು ತುದಿಯ ಮರದ ಪಟ್ಟಿಗಳ ಟೋಪಿ ಇರುತ್ತದೆ. ‘ಮಂಕಿ ಟಾಪ್’ ಎಂದು ಕರೆಯುವುದು ಅದನ್ನೇ. ನೋಡಲು ಅಲಂಕಾರ, ಆದರೆ ಪಟ್ಟಿಗಳು ಕೆಳಮುಖವಾಗಿ ಇಳಿದಿರುವುದರಿಂದ ಇಳಿಬಿಸಿಲಿಗೂ ಇರಚಲಿಗೂ ಅದು ತಡೆ.

ಉತ್ತರ ಕರ್ನಾಟಕದ ಮಾಳಿಗೆ ಮನೆಗಳು ಬೇರೆ ದಾರಿ ಹಿಡಿದವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಂಥ ಕಡೆ ಹಗಲು ಹೊರಗಿನ ಗಾಳಿಯೇ ಕುದಿಯುತ್ತಿರುತ್ತದೆ. ಅದನ್ನು ಒಳಗೆ ಬಿಟ್ಟುಕೊಂಡು ಆಗುವ ಲಾಭವೇನೂ ಇಲ್ಲ. ಅಲ್ಲಿ ಗೋಡೆ ದಪ್ಪ, ಕಿಟಕಿ ಸಣ್ಣದು, ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಹಗಲು ಮುಚ್ಚು, ಇರುಳು ತೆರೆ ಎನ್ನುವುದು ಅಲ್ಲಿನ ನೇಮ. ಅಂಥ ಊರಿಗೆ ಬೇಕಾದದ್ದು ಬಿಗಿಯಾಗಿ ಮುಚ್ಚುವ ಗಟ್ಟಿ ಹಲಗೆಯ ಬಾಗಿಲು.

ಕರಾವಳಿಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಉಷ್ಣಾಂಶ ಅಷ್ಟು ಏರುವುದಿಲ್ಲ, ಆದರೆ ಸೆಕೆ ಬಿಡುವುದಿಲ್ಲ. ಬೆವರು ಆರಬೇಕಾದರೆ ಗಾಳಿ ಆಡುತ್ತಲೇ ಇರಬೇಕು, ಮಳೆಗಾಲದಲ್ಲಿ ಮಳೆ ಒಳಗೆ ಬರಲೂ ಬಾರದು. ಕಿಟಕಿಗೆ ಕೊಂಕಣಿಯಲ್ಲಿ ‘ಜನೆಲ್’ ಎನ್ನುತ್ತಾರೆ. ಅದು ಪೋರ್ಚುಗೀಸರ ‘ಜನೆಲಾ’. ಪದದ ಹಾಗೆ ಕಿಟಕಿಯ ರೂಪಗಳೂ ಕಡಲ ದಾರಿಯಲ್ಲಿ ಬಂದು ಇಲ್ಲಿ ನೆಲೆಯೂರಿದವು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಪಕ್ಕದ ಗೋವಾದ ಮನೆಗಳು ತೆಳುವಾದ ಸಿಂಪಿಯ ಚಿಪ್ಪುಗಳನ್ನು ಮರದ ಚೌಕಟ್ಟಿಗೆ ಜೋಡಿಸಿ ಮೆತ್ತನೆಯ ಬೆಳಕನ್ನು ಪಡೆದವು. ಓರೆಯಾಗಿ ಕೂರಿಸಿದ ಮರದ ಪಟ್ಟಿಗಳ ಬಾಗಿಲು ಕರಾವಳಿಗೆ ಹೇಳಿ ಮಾಡಿಸಿದ್ದು. ಪಟ್ಟಿಯ ಹೊರಗಂಚು ಕೆಳಗೆ, ಒಳಗಂಚು ಮೇಲೆ. ನೀರು ಪಟ್ಟಿಯ ಮೇಲೆ ಹೊರಗೇ ಜಾರುತ್ತದೆ, ಗಾಳಿ ಸಂದಿನಲ್ಲಿ ನುಸುಳಿ ಒಳಗೆ ಬರುತ್ತದೆ.

ಮೂರು ಸೀಮೆ, ಮೂರು ಬಗೆಯ ಬಾಗಿಲು. ಈಗ ಕಲಬುರಗಿಗೂ ಮಂಗಳೂರಿಗೂ ಬೆಂಗಳೂರಿಗೂ ಒಂದೇ ಜಾರುವ ಕಿಟಕಿ ಲಾರಿಯಲ್ಲಿ ಹೋಗುತ್ತಿದೆ. ಅದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ.

ತೆರೆಯುವ ಬಗೆ

ಆರಿಸುವಾಗ ಮೊದಲು ಕೇಳಬೇಕಾದದ್ದು ಯಾವ ವಸ್ತು ಎಂದಲ್ಲ, ಹೇಗೆ ತೆರೆಯುತ್ತದೆ ಎಂದು.

ಕೋಣೆಯೊಂದಕ್ಕೆ ಎಷ್ಟು ಕಿಂಡಿ ಬೇಕು ಎನ್ನುವುದಕ್ಕೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಒಂದು ಅಳತೆ ಇದೆ. ಒಣ ಬಿಸಿಲಿನ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತನೆಯ ಒಂದು ಭಾಗ, ಸೆಕೆಯ ಪ್ರದೇಶದಲ್ಲಿ ಆರನೆಯ ಒಂದು, ಇವೆರಡರ ನಡುವಿನ ಹವೆಗೆ ಎಂಟನೆಯ ಒಂದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಲೆಕ್ಕಕ್ಕೆ ಬರುವುದು ಗಾಜಿನ ಅಳತೆಯಲ್ಲ, ತೆರೆಯಲು ಬರುವ ಭಾಗದ ಅಳತೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಅಂದರೆ 120 ಚದರಡಿ. ಮಂಗಳೂರಿನಲ್ಲಿ ಅದಕ್ಕೆ 20 ಚದರಡಿ ಕಿಂಡಿ ಬೇಕು. ಐದಕ್ಕೆ ನಾಲ್ಕಡಿಯ ಕಿಟಕಿ ಇಟ್ಟರೆ 20 ಆಯಿತು ಎಂದು ನಾವು ಸಮಾಧಾನಪಡುತ್ತೇವೆ. ಎರಡು ಹಳಿಯ ಜಾರುವ ಕಿಟಕಿಯಲ್ಲಿ ಒಂದು ಬಾಗಿಲು ಇನ್ನೊಂದರ ಹಿಂದೆಯೇ ನಿಲ್ಲಬೇಕಾದ್ದರಿಂದ ತೆರೆಯುವುದು ಅರ್ಧ ಮಾತ್ರ, ಅಂದರೆ 10 ಚದರಡಿ. ಬಿಜಾಗರಿಯ ಮೇಲೆ ತಿರುಗುವ ಬಾಗಿಲಾದರೆ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ತೆರೆದ ಬಾಗಿಲು ಗೋಡೆಯ ಪಕ್ಕದಲ್ಲಿ ಹಾದುಹೋಗುವ ಗಾಳಿಗೆ ಅಡ್ಡ ನಿಂತು ಅದನ್ನು ಒಳಗೆ ತಿರುಗಿಸುತ್ತದೆ ಕೂಡ.

ಹಾಗೆಂದು ಜಾರುವ ಕಿಟಕಿ ಕೆಟ್ಟದ್ದಲ್ಲ, ಅದಕ್ಕೆ ಅದರ ಜಾಗವಿದೆ. ಪಕ್ಕದ ಮನೆಯ ಗೋಡೆ ಎರಡು ಮೂರು ಅಡಿಯಲ್ಲೇ ಇದ್ದರೆ, ಕಿಟಕಿಯ ಹೊರಗೆ ಓಡಾಡುವ ಓಣಿ ಇದ್ದು ತೆರೆದ ಬಾಗಿಲು ಹಣೆಗೆ ಬಡಿಯುವಂತಿದ್ದರೆ, ಅಥವಾ ಬಾಲ್ಕನಿಗೆ ಅಗಲವಾದ ತೆರಪು ಬೇಕಿದ್ದರೆ ಅದೇ ಸರಿ. ಬಚ್ಚಲಿಗೆ ಓರೆ ಗಾಜಿನ ಪಟ್ಟಿಗಳ ಕಿಟಕಿ ಸಾಕು. ಮರೆಯೂ ಇರುತ್ತದೆ, ಹಬೆಯೂ ಹೋಗುತ್ತದೆ. ಅಡುಗೆಮನೆಯಲ್ಲಿ ಒಲೆಯ ಹಿಂದಿನ ಕಿಟಕಿಗೆ ಒಳಗೆ ತೆರೆಯುವ ಬಾಗಿಲು ಬೇಡ, ಉರಿಗೆ ಗಾಳಿ ನೇರ ಬೀಸದಂತೆಯೂ ನೋಡಿಕೊಳ್ಳಬೇಕು.

ದೊಡ್ಡ ಬಜೆಟ್ಟು ಇಲ್ಲದವರು ತಿರುವನಂತಪುರದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಅವರನ್ನು ನೆನೆಯಬೇಕು. ಕಿಟಕಿಗೆ ಚೌಕಟ್ಟೇ ಅನಿವಾರ್ಯವಲ್ಲ ಎಂದು ತೋರಿಸಿದವರು ಅವರು. ಗೋಡೆಯ ಕಿಂಡಿಯ ಮೇಲೊಂದು ಕೆಳಗೊಂದು ಕುಳಿ ಮಾಡಿ, ಅವುಗಳಲ್ಲಿ ತಿರುಗುವಂತೆ ಒಂದು ಹಲಗೆ ನಿಲ್ಲಿಸಿದರೆ ಅದೇ ಕಿಟಕಿ. ಚೌಕಟ್ಟಿನ ಮರವೂ ಉಳಿಯುತ್ತದೆ, ಬಿಜಾಗರಿಯೂ ಬೇಡ.

ಮರ, ಯುಪಿವಿಸಿ, ಅಲ್ಯೂಮಿನಿಯಂ

ಮರ ಉಸಿರಾಡುವ ವಸ್ತು. ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ತೇವ ಬಿಟ್ಟು ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಎಳೆಯ ಉದ್ದಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆಗುವುದೆಲ್ಲ ಹಲಗೆಯ ಅಗಲದಲ್ಲಿ. ತೇಗದಲ್ಲಿ ಈ ಚಲನೆ ಕಡಿಮೆ, ಅದರ ಚೇಗಿನಲ್ಲಿ ಎಣ್ಣೆಯ ಅಂಶವಿದೆ, ಗೆದ್ದಲು ಬೇಗ ಹತ್ತುವುದಿಲ್ಲ. ದಾಂಡೇಲಿ ಕಡೆಯ ತೇಗಕ್ಕೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಆದರೆ ಆ ಗುಣ ಚೇಗಿನದು, ತೊಗಟೆಯ ಪಕ್ಕದ ಬಿಳಿ ಮರದ್ದಲ್ಲ. ಎಳೆಯ ಮರದಿಂದ ಕೊಯ್ದ, ಅಂಚಿನಲ್ಲಿ ಬಿಳಿ ಪಟ್ಟಿ ಇರುವ ಹಲಗೆಯನ್ನು ‘ತೇಗ’ ಎಂದು ಕೊಟ್ಟರೆ ಗೆದ್ದಲು ಆ ಪಟ್ಟಿಯಿಂದಲೇ ಶುರು ಮಾಡುತ್ತದೆ. ಹೊನ್ನೆ, ಹೆಬ್ಬಲಸು, ಮತ್ತಿ, ಹಲಸು ನಮ್ಮ ಬಡಗಿಗಳಿಗೆ ತಲೆಮಾರುಗಳಿಂದ ಗೊತ್ತಿರುವ ಮರಗಳು. ಚೌಕಟ್ಟಿಗೆ ಇವುಗಳಲ್ಲೊಂದನ್ನು ಹಾಕಿ, ಬಾಗಿಲಿಗೆ ಮಾತ್ರ ತೇಗ ಬಳಸಿದರೆ ಖರ್ಚು ಹಿಡಿತಕ್ಕೆ ಬರುತ್ತದೆ.

ಮರಕ್ಕೆ ದುಡ್ಡು ಕೊಡುವಾಗ ಘನ ಅಡಿಯ ಲೆಕ್ಕ ಕೈಯಲ್ಲಿರಲಿ. 4 ಇಂಚಿಗೆ 3 ಇಂಚಿನ, 12 ಅಡಿ ಉದ್ದದ ತುಂಡು ಸರಿಯಾಗಿ ಒಂದು ಘನ ಅಡಿ. ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಕಿಟಕಿಯ ಚೌಕಟ್ಟಿಗೆ ಸುತ್ತ 17 ಅಡಿ, ನಡುಗಂಬಕ್ಕೆ ನಾಲ್ಕೂವರೆ, ಒಟ್ಟು ಇಪ್ಪತ್ತೊಂದೂವರೆ ಅಡಿ. ಎರಡು ಘನ ಅಡಿಗೂ ಸ್ವಲ್ಪ ಕಡಿಮೆ. ಅದಕ್ಕಿಂತ ಬಹಳ ಹೆಚ್ಚು ಬರೆದಿದ್ದರೆ ಏಕೆ ಎಂದು ಕೇಳಿ.

ಹಸಿ ಮರ ಎಷ್ಟು ಒಳ್ಳೆಯ ಜಾತಿಯದಾದರೂ ಬೇಡ. ಬಾಗಿಲು ಮಾಡುವ ಮರದಲ್ಲಿ ತೇವ ನೂರಕ್ಕೆ 12ರ ಆಸುಪಾಸಿನಲ್ಲಿರಬೇಕು. ಅದನ್ನು ಅಳೆಯುವ ಕೈಯಗಲದ ಉಪಕರಣ ಒಳ್ಳೆಯ ಮರದಂಗಡಿಗಳಲ್ಲಿ ಇರುತ್ತದೆ. ಕೆಡವಿದ ಹಳೆಯ ಮನೆಯ ತೊಲೆ ಸಿಕ್ಕಿದರೆ ಬಿಡಬೇಡಿ. ಐವತ್ತು ಅರವತ್ತು ಮಳೆಗಾಲ ಕಂಡು ಒಣಗಿದ ಮರ ಇನ್ನು ತಿರುಚಿಕೊಳ್ಳುವುದು ಕಡಿಮೆ. ಮೊಳೆಗಳನ್ನು ಹುಡುಕಿ ತೆಗೆಯುವ ತಾಳ್ಮೆ ಇರುವ ಆಚಾರ್ರು ಬೇಕು, ಅಷ್ಟೇ.

ಯುಪಿವಿಸಿಗೆ ಗೆದ್ದಲಿಲ್ಲ, ಬಣ್ಣದ ಗೊಡವೆಯಿಲ್ಲ, ಉಪ್ಪುಗಾಳಿಗೆ ತುಕ್ಕೂ ಇಲ್ಲ. ಮುಚ್ಚಿದಾಗ ಅದರ ರಬ್ಬರ್ ಅಂಚು ರಸ್ತೆಯ ಸದ್ದನ್ನೂ ಧೂಳನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದು ಟೊಳ್ಳು ಪ್ಲಾಸ್ಟಿಕ್. ದೊಡ್ಡ ಕಿಟಕಿಗೆ ಬಲ ಬರುವುದು ಒಳಗೆ ಸೇರಿಸುವ ಉಕ್ಕಿನ ಪಟ್ಟಿಯಿಂದ. ಆ ಪಟ್ಟಿ ಹೊರಗೆ ಕಾಣದ್ದರಿಂದ ಉಳಿತಾಯದ ಮೊದಲ ಕತ್ತರಿ ಬೀಳುವುದೂ ಅದರ ಮೇಲೆಯೇ. ಕಿಟಕಿ ಮನೆಗೆ ಬಂದ ದಿನ ಒಂದು ಅಯಸ್ಕಾಂತ ಹಿಡಿದು ಚೌಕಟ್ಟಿನ ಉದ್ದಕ್ಕೂ ಸರಿಸಿ ನೋಡಿ. ಎಳೆದರೆ ಉಕ್ಕಿದೆ, ಎಳೆಯದಿದ್ದರೆ ಕೇಳಿ. ಅಗ್ಗದ ಮಾಲು ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟುತ್ತದೆ, ಸಿಡುಕಾಗುತ್ತದೆ.

ಅಲ್ಯೂಮಿನಿಯಂ ತೆಳುವಾಗಿದ್ದೂ ಗಟ್ಟಿ, ದೊಡ್ಡ ಗಾಜನ್ನು ಹೊರುತ್ತದೆ. ಅದರ ದೋಷ ಒಂದೇ: ಶಾಖವನ್ನು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸುತ್ತದೆ. ಪಶ್ಚಿಮದ ಗೋಡೆಯಲ್ಲಿ ಸಂಜೆ ಆ ಚೌಕಟ್ಟನ್ನು ಒಳಗಿನಿಂದ ಮುಟ್ಟಿದರೆ ವಿವರಣೆಯೇ ಬೇಡ. ಉತ್ತರದ ಗೋಡೆಗೆ, ನೆರಳಿನ ವರಾಂಡಕ್ಕೆ ಅದು ಒಳ್ಳೆಯ ಆಯ್ಕೆ.

ಮೂರರಲ್ಲಿ ಯಾವುದನ್ನು ಆರಿಸಿದರೂ ಬಿಜಾಗರಿ, ಚಿಲಕ, ಸ್ಕ್ರೂಗಳಲ್ಲಿ ಜಿಪುಣತನ ಬೇಡ. ಕರಾವಳಿಯಲ್ಲಿ ಕಬ್ಬಿಣದ ಸ್ಕ್ರೂ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಮರದೊಳಗೇ ಮುರಿಯುತ್ತದೆ. ಅಲ್ಲಿ ಹಿತ್ತಾಳೆ ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಬೇಕು. ಹಿತ್ತಾಳೆಯ ಬಿಜಾಗರಿಗೆ ಹಿತ್ತಾಳೆಯದೇ ಸ್ಕ್ರೂ ಇರಲಿ. ಉಪ್ಪುಗಾಳಿಯಲ್ಲಿ ಎರಡು ಬೇರೆ ಲೋಹ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವುಗಳಲ್ಲಿ ಒಂದು ಬೇಗ ಸವೆಯುತ್ತದೆ.

ಸೊಳ್ಳೆ, ಕಳ್ಳ, ಮಗು

ಹಿಂದೆ ಸಂಜೆ ದೀಪ ಹಚ್ಚುವ ಹೊತ್ತಿಗೆ ‘ಕಿಟಕಿ ಬಾಗಿಲು ಹಾಕಿ, ಸೊಳ್ಳೆ ಬರುತ್ತೆ’ ಎಂದು ಮನೆಯಲ್ಲಿ ಕೂಗುತ್ತಿದ್ದರು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು. ಹಾಗಾಗಿ ಈಗ ಜಾಲರಿ ಬೇಕಾದದ್ದು ಬಾಗಿಲು ಮುಚ್ಚಿದಾಗ ಅಲ್ಲ, ತೆರೆದಿದ್ದಾಗ. ಇಲ್ಲಿಯೇ ಬಾಗಿಲಿನ ದಿಕ್ಕಿನ ಪ್ರಶ್ನೆ ಬರುವುದು. ಬಾಗಿಲು ಹೊರಗೆ ತೆರೆದರೆ ಜಾಲರಿ ಒಳಗೆ ಇರಬೇಕು. ಬಾಗಿಲಿನ ಚಿಲಕ ಮುಟ್ಟಲು ಜಾಲರಿಯೂ ತೆರೆಯುವಂತಿರಬೇಕು. ಇದನ್ನು ಮೊದಲೇ ಯೋಚಿಸದೆ ಜಾಲರಿಯನ್ನು ಮೊಳೆ ಹೊಡೆದು ಕೂರಿಸಿ, ಆಮೇಲೆ ಬಾಗಿಲು ಮುಚ್ಚಲಾಗದೆ ಅದನ್ನು ಹರಿದ ಮನೆಗಳು ಎಷ್ಟೋ. ನಡುವೆ ಸರಳು, ಹೊರಗೆ ಗಾಜಿನ ಬಾಗಿಲು, ಒಳಗೆ ಜಾಲರಿಯ ಬಾಗಿಲು ಎಂಬ ಮೂರು ಪದರದ ಚೌಕಟ್ಟು ಬೇಕಿದ್ದರೆ ಅದರ ದಪ್ಪ 5 ಇಂಚಾದರೂ ಇರಲಿ ಎಂದು ಮರ ಕೊಯ್ಸುವ ಮೊದಲೇ ಹೇಳಬೇಕು.

ಸರಳುಗಳ ನಡುವಿನ ಸಂದು 4 ಇಂಚು ಮೀರಬಾರದು. ಅದಕ್ಕಿಂತ ಹೆಚ್ಚಾದರೆ ಪುಟ್ಟ ಮಗುವಿನ ತಲೆ ತೂರುತ್ತದೆ. ಮಕ್ಕಳಿರುವ ಮಹಡಿಯ ಮನೆಯಲ್ಲಿ ಅಡ್ಡ ಸರಳಿಗಿಂತ ನೆಟ್ಟ ಸರಳು ಒಳ್ಳೆಯದು, ಅದು ಏಣಿಯಾಗುವುದಿಲ್ಲ. ಇದರ ಜೊತೆಗೆ ಇನ್ನೊಂದು ಮಾತನ್ನು ಕಡ್ಡಾಯವಾಗಿ ನೆನಪಿಡಿ. ಎಲ್ಲ ಕಿಟಕಿಗೂ ಗ್ರಿಲ್ ಬಿಗಿದರೆ ಬೆಂಕಿ ಬಿದ್ದ ದಿನ ಮನೆಯೇ ಪಂಜರವಾಗುತ್ತದೆ. ಮಲಗುವ ಕೋಣೆಗಳಲ್ಲಿ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ, ಅದರ ಬೀಗದಕೈ ಎಲ್ಲಿ ತೂಗುತ್ತದೆಂದು ಮನೆಮಂದಿಗೆಲ್ಲ ಗೊತ್ತಿರಲಿ.

ಕೂರಿಸುವ ದಿನ

ಒಳ್ಳೆಯ ಕಿಟಕಿಯನ್ನು ಕೆಟ್ಟದಾಗಿ ಕೂರಿಸಿದರೆ ಅದು ಕೆಟ್ಟ ಕಿಟಕಿಯೇ. ನಮ್ಮ ಹಾಸಿಗೆ ನೆನೆದದ್ದಕ್ಕೆ ಕಾರಣ ಕಿಟಕಿಯಲ್ಲ ಎಂದು ಆಚಾರ್ರು ತೋರಿಸಿಕೊಟ್ಟರು. ಜಾರುವ ಕಿಟಕಿಯ ಕೆಳ ಹಳಿಯಲ್ಲಿ ಮಳೆನೀರು ನಿಲ್ಲುವುದು ಸಹಜ, ಅದು ಹೊರಹೋಗಲೆಂದೇ ಹೊರಮೈಯಲ್ಲಿ ಸಣ್ಣ ಸೀಳುಗಳಿರುತ್ತವೆ. ಕೂರಿಸಿದವರು ಅಂದವಾಗಿ ಕಾಣಲೆಂದು ಆ ಸೀಳುಗಳ ಮೇಲೂ ಸಿಲಿಕೋನ್ ಬಳಿದಿದ್ದರು. ಹೊರಗೆ ದಾರಿಯಿಲ್ಲದ ನೀರು ಒಳಗೆ ಬಂತು. ಆಚಾರ್ರು ಒಂದು ಚೂಪು ಉಳಿಯಿಂದ ಐದು ನಿಮಿಷದಲ್ಲಿ ಅದನ್ನು ಬಿಡಿಸಿದರು.

ತಯಾರಾಗಿ ಬರುವ ಕಿಟಕಿಯಾದರೆ ಅಳತೆಯನ್ನು ಗಾರೆ ಮುಗಿದ ಮೇಲೆಯೇ ತೆಗೆಯಬೇಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ; ಎತ್ತರವನ್ನೂ ಹಾಗೆಯೇ. ಮೂರರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ಅಳತೆ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಹಿಡಿದು ನೋಡಿ, ಅವು ಸಮನಾಗಿಲ್ಲದಿದ್ದರೆ ಕಿಂಡಿ ಸೊಟ್ಟಗಿದೆ. ಸುತ್ತಲೂ 5 ಮಿಲಿಮೀಟರ್‌ನಷ್ಟು ಸಂದು ಬಿಟ್ಟು ಚೌಕಟ್ಟು ಮಾಡಿಸಬೇಕು, ಪ್ಲಾಸ್ಟಿಕ್ಕೂ ಬಿಸಿಲಿಗೆ ಹಿಗ್ಗುತ್ತದೆ. ಗೋಡೆಗೆ ಬಿಗಿಯುವ ಬೋಲ್ಟುಗಳಲ್ಲಿ ಮೊದಲನೆಯದು ಮೂಲೆಯಿಂದ ಸುಮಾರು 6 ಇಂಚಿಗೆ ಇರಲಿ, ಆಮೇಲೆ ಒಂದರಿಂದ ಒಂದಕ್ಕೆ 2 ಅಡಿ ಮೀರದಿರಲಿ.

ಮರದ ಚೌಕಟ್ಟನ್ನು ಗೋಡೆ ಏಳುವಾಗಲೇ ನಿಲ್ಲಿಸುವುದು ವಾಡಿಕೆ. ಗೋಡೆಗೆ ತಾಗುವ ಮೈಗೆ ಮೊದಲೇ ಪ್ರೈಮರ್ ಅಥವಾ ಗೆದ್ದಲಿನ ಔಷಧಿ ಬಳಿಯಬೇಕು, ಒಮ್ಮೆ ಸಿಮೆಂಟ್ ಮುಚ್ಚಿದರೆ ಆ ಮೈ ಮತ್ತೆ ಕಾಣಸಿಗುವುದಿಲ್ಲ. ಎರಡೂ ಪಕ್ಕದಲ್ಲಿ ಮೂರು ಮೂರು ಕಬ್ಬಿಣದ ಕ್ಲ್ಯಾಂಪು ಹಾಕಿ ಕಾಂಕ್ರೀಟಿನಲ್ಲಿ ಹುದುಗಿಸಬೇಕು. ತೂಗುಗುಂಡು ಬಿಟ್ಟು ನೋಡುವಾಗ ಎರಡು ದಿಕ್ಕಿಗೆ ನೋಡಬೇಕು: ಎಡಬಲಕ್ಕೊಮ್ಮೆ, ಒಳಹೊರಗಿಗೊಮ್ಮೆ. ಎರಡನೆಯದನ್ನು ಮರೆತರೆ ತೆರೆದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಮುಚ್ಚಿದ್ದು ತಾನಾಗಿ ತೆರೆದುಕೊಳ್ಳುತ್ತದೆ. ಮನೆಯಲ್ಲಿ ದೆವ್ವವಿದೆಯೆಂದು ಹೆದರಬೇಕಿಲ್ಲ, ಚೌಕಟ್ಟು ವಾಲಿದೆ ಅಷ್ಟೇ.

ಬಾಗಿಲು ಕೂರಿಸುವಾಗ ಸುತ್ತ 2ರಿಂದ 3 ಮಿಲಿಮೀಟರ್ ಸಂದು ಇರಲಿ, ಮಳೆಗಾಲದ ಹಿಗ್ಗಿಗೆ ಅದು ಜಾಗ. 4 ಅಡಿ ಮೀರಿದ ಬಾಗಿಲಿಗೆ ಎರಡಲ್ಲ, ಮೂರು ಬಿಜಾಗರಿ. ಬಾಗಿಲಿನ ಚೌಕಟ್ಟಿನೊಳಗೆ ಕೂರುವ ಹಲಗೆಯನ್ನು ಗೋಂದು ಹಾಕಿ ಅಂಟಿಸಬಾರದು. ಚೌಕಟ್ಟಿನಲ್ಲಿ ಕೊರೆದ ಗಾಡಿಯೊಳಗೆ ಅದು ಸಡಿಲವಾಗಿ ಕೂತಿದ್ದರೆ ಹಿಗ್ಗಲು ಕುಗ್ಗಲು ಅವಕಾಶವಿರುತ್ತದೆ, ಅಂಟಿಸಿದರೆ ಸೀಳುತ್ತದೆ. ಗಾಳಿಗೆ ಬಡಿದುಕೊಳ್ಳದಂತೆ ಪ್ರತಿ ಬಾಗಿಲಿಗೂ ಗಟ್ಟಿ ಕೊಕ್ಕೆ ಬೇಕು. ಒಡೆದ ಗಾಜಿನ ಬೆಲೆಗೆ ಹೋಲಿಸಿದರೆ ಕೊಕ್ಕೆಯ ಬೆಲೆ ಏನೂ ಅಲ್ಲ.

ಕೊನೆಯದಾಗಿ ನೀರಿನ ದಾರಿ. ಕಿಟಕಿಯ ಕೆಳಗಿನ ಕಟ್ಟೆ ಹೊರಗೆ ಇಳಿಜಾರಾಗಿರಬೇಕು. ಅದರ ಅಂಚು ಗೋಡೆಯಿಂದ ಮುಂದೆ ಚಾಚಿರಬೇಕು, ಚಾಚಿದ ಅಂಚಿನ ಅಡಿಯಲ್ಲಿ ಬೆರಳಗಲದ ಒಂದು ಗೆರೆ ಕೊರೆದಿರಬೇಕು. ನೀರು ಅಂಚಿನ ಅಡಿಗೆ ಅಂಟಿಕೊಂಡು ಗೋಡೆಯ ಕಡೆ ಹರಿಯುತ್ತದೆ. ಆ ಗೆರೆ ಸಿಕ್ಕಿದಲ್ಲಿ ದಾಟಲಾಗದೆ ತೊಟ್ಟಿಕ್ಕಿ ಬೀಳುತ್ತದೆ. ಸಜ್ಜದ ಅಡಿಯಲ್ಲೂ ಅದೇ ಗೆರೆ ಬೇಕು. ಗಾರೆ ಹಸಿಯಿದ್ದಾಗ ಇದಕ್ಕೆ ಖರ್ಚಿಲ್ಲ. ಮೇಸ್ತ್ರಿಗೆ ಹೇಳಬೇಕು, ಸಂಜೆ ಹೋಗಿ ಬೆರಳಾಡಿಸಿ ನೋಡಬೇಕು.

ಆಷಾಢದಲ್ಲಿ ಕೀಸಬೇಡಿ

ಮರದ ಬಾಗಿಲು ಇರುವವರಿಗೆ ಎರಡು ಕಿವಿಮಾತು. ಬಣ್ಣ ಬಳಿಯುವವರು ಕಣ್ಣಿಗೆ ಕಾಣುವ ಎರಡು ಮೈಗಳನ್ನಷ್ಟೇ ಬಳಿದು ಹೋಗುತ್ತಾರೆ. ಬಾಗಿಲಿನ ತಲೆಯಂಚು, ಕಾಲಂಚು ಹಾಗೇ ಬತ್ತಲೆ ಉಳಿಯುತ್ತವೆ. ಎಳೆಗಳ ತುದಿ ತೆರೆದಿರುವುದು ಅಲ್ಲೇ, ಮರ ನೀರು ಕುಡಿಯುವುದೂ ಅಲ್ಲಿಂದಲೇ. ಬಾಗಿಲು ಬಿಜಾಗರಿಗೆ ಏರುವ ಮೊದಲೇ ಆರೂ ಮೈಗೆ ಬಣ್ಣವೋ ಎಣ್ಣೆಯೋ ಆಗಲಿ.

ಇನ್ನೊಂದು, ಆಷಾಢದಲ್ಲಿ ಬಾಗಿಲು ಬಿಗಿಯಾಯಿತೆಂದು ತಕ್ಷಣ ಆಚಾರ್ರನ್ನು ಕರೆಸಿ ಕೀಸಿಸಬೇಡಿ. ಮಾಘದ ಹೊತ್ತಿಗೆ ಮರ ಒಣಗಿ ಮೊದಲಿನ ಅಳತೆಗೆ ಬರುತ್ತದೆ, ಆಗ ಕೀಸಿದಷ್ಟೂ ಸಂದಾಗಿ ಕಾಣುತ್ತದೆ. ಒಣಗುವವರೆಗೆ ಕಾಯಿರಿ, ಬಣ್ಣ ಹೋದ ಅಂಚಿಗೆ ಬಣ್ಣ ಕೊಡಿ. ಮುಂದಿನ ಮಳೆಗಾಲದಲ್ಲೂ ಬಿಗಿಯಾದರೆ ಆಮೇಲೆ ಉಳಿ ಮುಟ್ಟಿಸಿದರಾಯಿತು.

ನಮ್ಮ ಪಶ್ಚಿಮದ ಕೋಣೆಯ ಜಾರುವ ಕಿಟಕಿಯನ್ನು ಆಚಾರ್ರು ಬಿಚ್ಚಿ, ಓಣಿಯ ಕಡೆಯ ಗೋಡೆಗೆ ಹಾಕಿದರು. ಅಲ್ಲಿ ಅದು ಸುಖವಾಗಿದೆ. ಪಶ್ಚಿಮಕ್ಕೆ ಹಳೆಯ ಮನೆಯೊಂದರ ತೊಲೆಯಿಂದ ನಾಲ್ಕು ಬಾಗಿಲು ಮಾಡಿದರು. ಕೆಳಗಿನ ಜೋಡಿಗೆ ಓರೆ ಪಟ್ಟಿ, ಮೇಲಿನದಕ್ಕೆ ಗಟ್ಟಿ ಹಲಗೆ. ಮಧ್ಯಾಹ್ನ ಎರಡಕ್ಕೆ ಎಲ್ಲವನ್ನೂ ಮುಚ್ಚುತ್ತೇವೆ, ಪಟ್ಟಿಯ ಸಂದಿನಲ್ಲಿ ಗಾಳಿ ಬರುತ್ತಲೇ ಇರುತ್ತದೆ. ಸೂರ್ಯ ಇಳಿದ ಮೇಲೆ ಮೇಲಿನ ಜೋಡಿ ತೆರೆಯುತ್ತೇವೆ. ದಿನಕ್ಕೆ ಎರಡು ಸಲ ಎದ್ದು ಹೋಗುವ ಈ ಕೆಲಸ ಅಮ್ಮನದು. ಬೇಸಿಗೆಯಲ್ಲಿ ಆ ಕೋಣೆಯ ಬಾಗಿಲು ಹಾಕಿಕೊಂಡು ಬೇರೆಡೆ ಮಲಗುತ್ತಿದ್ದ ಅಮ್ಮ ಈಗ ಮಧ್ಯಾಹ್ನದ ನಿದ್ದೆಗೆ ಅಲ್ಲಿಗೇ ಹೋಗುತ್ತಾರೆ.

ಹೊಸದಾಗಿ ಮನೆ ಕಟ್ಟುತ್ತಿರುವವರಿಗೆ ನನ್ನ ಕೋರಿಕೆ ಇಷ್ಟೇ. ಗೋಡೆ ಎದ್ದ ಮೇಲೆ, ಕಿಟಕಿಗೆ ಮುಂಗಡ ಕೊಡುವ ಮೊದಲು, ಒಂದು ರಜಾದಿನ ಒಂದು ಹಾಳೆ ಹಿಡಿದು ಆ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಇರಿ. ಪ್ರತಿ ಕಿಂಡಿಯ ಹೆಸರಿನ ಮುಂದೆ ಬಿಸಿಲು ಬಂದ ಹೊತ್ತು, ಹೋದ ಹೊತ್ತು, ಗಾಳಿ ಬೀಸಿದ ದಿಕ್ಕು, ಎದುರಿಗೆ ಏನಿದೆ ಎಂಬುದನ್ನು ಬರೆಯಿರಿ. ಹತ್ತು ಕಿಂಡಿಗೆ ಹತ್ತು ಸಾಲು. ಅಂಗಡಿಗೆ ಹೋಗುವಾಗ ಆ ಹಾಳೆ ನಿಮ್ಮ ಜೇಬಿನಲ್ಲಿರಲಿ.